ಕಾರಣದ ಸಾಲು, ಕರ್ಮದ ಲೆಕ್ಕ

ಆಸ್ಪತ್ರೆಯಲ್ಲಿ ಒಬ್ಬರು ತೀರಿಕೊಂಡಾಗ ವೈದ್ಯರು ತುಂಬಬೇಕಾದ ಹಾಳೆಯೊಂದಿದೆ. ಜನನ ಮರಣ ನೋಂದಣಿ ನಿಯಮಗಳಲ್ಲಿ ಅದು ನಮೂನೆ 4. ಅದರ ಮೊದಲ ಭಾಗದಲ್ಲಿರುವುದು ಮೂರೇ ಸಾಲು. ಮೊದಲ ಸಾಲಿನಲ್ಲಿ ಸಾವಿನ ತಕ್ಷಣದ ಕಾರಣ ಬರೆಯಬೇಕು, ಎರಡನೆಯದರಲ್ಲಿ ಆ ಕಾರಣಕ್ಕೆ ಕಾರಣ, ಮೂರನೆಯದರಲ್ಲಿ ಇದೆಲ್ಲವನ್ನೂ ಶುರು ಮಾಡಿದ ಮೂಲ ಕಾರಣ. ಪ್ರತಿ ಸಾಲಿನ ಪಕ್ಕದಲ್ಲಿ, ಅದು ಶುರುವಾಗಿ ಸಾವಿನವರೆಗೆ ಎಷ್ಟು ಹೊತ್ತಾಯಿತು ಎಂಬ ಕಾಲಂ. ಹೃದಯ ನಿಂತಿತು, ಉಸಿರು ನಿಂತಿತು ಎಂದಷ್ಟೇ ಬರೆದು ಮುಗಿಸುವಂತಿಲ್ಲ. ಅದು ಸಾಯುವ ಬಗೆಯೇ ಹೊರತು ಸಾವಿನ ಕಾರಣವಲ್ಲ. ಹಾವು ಕಚ್ಚಿ ಸತ್ತವರದೂ ಕ್ಯಾನ್ಸರಿನಲ್ಲಿ ಸತ್ತವರದೂ ಹೃದಯ ಕೊನೆಗೆ ನಿಂತೇ ನಿಂತಿರುತ್ತದೆ. ಕೆಳಗೆ ಇನ್ನೊಂದು ಪ್ರಶ್ನೆ ಇದೆ: ಸಹಜ ಸಾವೋ, ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ, ತನಿಖೆ ಬಾಕಿಯೋ. ಮದ್ಯವೇ ವಿಷವಾಗಿ ಒಬ್ಬರು ಸತ್ತಾಗ ಈ ಹಾಳೆಯನ್ನು ಇದ್ದದ್ದು ಇದ್ದ ಹಾಗೆ ತುಂಬುವುದು ಬಹಳ ಕಷ್ಟ. ವೈದ್ಯಶಾಸ್ತ್ರಕ್ಕೆ ಉತ್ತರ ಗೊತ್ತಿಲ್ಲವೆಂದಲ್ಲ. ಕಾರಣ ಯಾವುದು ಎಂದು ಯಾರಾದರೂ ಕೇಳಿದರೆ ತಪ್ಪು ಯಾರದು ಎಂದೇ ನಮ್ಮ ಕಿವಿಗೆ ಬೀಳುತ್ತದೆ. ಕರ್ಮದ ಲೆಕ್ಕದಲ್ಲಿ ಬೆಳೆದ ಮನಸ್ಸಿಗೆ ಇವೆರಡೂ ಒಂದೇ ಪ್ರಶ್ನೆ. ಹಾಗಾಗಿ ಸತ್ತವರ ಮೇಲಿನ ಪ್ರೀತಿಯಿಂದಲೇ ಕಾರಣವನ್ನು ಮುಚ್ಚಿಡುತ್ತೇವೆ. ಇವೆರಡನ್ನೂ ಬೇರ್ಪಡಿಸಲೇಬೇಕು, ಬೇರ್ಪಡಿಸಿದ ಮೇಲೆ ಕಾರಣವನ್ನು ಪೂರ್ತಿಯಾಗಿ ಬರೆಯುವುದೇ ದಯೆಯ ಕೆಲಸ ಎಂಬುದು ನನ್ನ ವಾದ. ಅದಕ್ಕೆ ಬೇಕಾದ ಬೆಂಬಲ ನಮ್ಮ ಧರ್ಮಶಾಸ್ತ್ರ, ಪುರಾಣಗಳಲ್ಲೇ ಇದೆ. ಅಡ್ಡಿಯೂ ಅಲ್ಲೇ ಇದೆ.

ತುಮಕೂರು ನಗರದ ಅಂಚಿನ ಅಂತರಸನಹಳ್ಳಿಯನ್ನು ತೆಗೆದುಕೊಳ್ಳೋಣ. ತರಕಾರಿ, ಹಣ್ಣಿನ ಮಾರುಕಟ್ಟೆ ಇರುವ, ಕೈಗಾರಿಕಾ ಪ್ರದೇಶವೂ ಇರುವ, ಲಾರಿಗಳ ಓಡಾಟ ನಿಲ್ಲದ ಜಾಗ. ಇಂಥ ಕಡೆ ಮೂಟೆ ಹೊರುವ ಹಮಾಲಿಯೊಬ್ಬ ನಸುಕಿನಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಾನೆ, ಜೊತೆಗಾರರು 108 ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ತಂದಿದ್ದಾರೆ ಎಂದಿಟ್ಟುಕೊಳ್ಳಿ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಆಗಿದ್ದರೂ ಮಾತು ಬೇರೆಯಾಗುತ್ತಿರಲಿಲ್ಲ. ಹೆಂಡತಿ ಹೇಳುತ್ತಾಳೆ: "ಕುಡಿಯೋದು ಬಿಟ್ಟಿದ್ರು ಸಾರ್, ಬಿಪಿ ಇತ್ತು." ಜೊತೆಗಾರ ದನಿ ತಗ್ಗಿಸಿ ಹೇಳುತ್ತಾನೆ: "ರಾತ್ರಿ ಜಾಸ್ತಿ ಹಾಕಿದ್ದ." ಕರ್ತವ್ಯದಲ್ಲಿರುವ ವೈದ್ಯರ ಮುಂದೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣಗಳ) ರಿಜಿಸ್ಟರು ತೆರೆದಿದೆ. ಬಾಯಲ್ಲಿ ಮದ್ಯದ ವಾಸನೆ ಇದೆಯೇ, ಪಾಪೆ ಹೇಗಿದೆ, ಉಸಿರು ನಿಮಿಷಕ್ಕೆ ಎಷ್ಟು, ಮೈ ತಣ್ಣಗಾಗಿದೆಯೇ, ಸಕ್ಕರೆ ಎಷ್ಟಿದೆ, ತಲೆಗೆ ಪೆಟ್ಟು ಬಿದ್ದಿದೆಯೇ, ಇವೆಲ್ಲ ಅಲ್ಲಿ ಬರಬೇಕು. ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸುವಂತಿಲ್ಲ. ಒರೆಸಿದರೆ ಆ ಸ್ಪಿರಿಟ್ಟೇ ರಕ್ತದ ಲೆಕ್ಕದಲ್ಲಿ ಸೇರಿಬಿಡಬಹುದು. ಮರಣೋತ್ತರ ಪರೀಕ್ಷೆಯಾದರೆ ಪ್ರಯೋಗಾಲಯಕ್ಕೆ ಕಳಿಸುವ ಒಳಾಂಗಗಳನ್ನೂ ಸ್ಪಿರಿಟ್ಟಿನಲ್ಲಿ ಇಡಬಾರದು. ಸತ್ಯವನ್ನು ಹುಡುಕುವವರು ತಮ್ಮ ಕೈಯ ಮದ್ಯವನ್ನು ಸತ್ತವನ ಮೈಗೆ ಸೇರಿಸಬಾರದೆಂಬ ಈ ಎಚ್ಚರಿಕೆ ನನಗೆ ಬರೀ ತಾಂತ್ರಿಕ ವಿಷಯವಾಗಿ ಕಾಣುವುದಿಲ್ಲ. ಅದು ನ್ಯಾಯದ ಎಚ್ಚರಿಕೆ.

ಬರೆದದ್ದು ಆಮೇಲೆ ಸಂಕೇತವಾಗುತ್ತದೆ. ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಫ್ರಾನ್ಸಿನ ಜಾಕ್ ಬರ್ಟಿಲಾನ್ 1893ರಲ್ಲಿ ಮುಂದಿಟ್ಟರು. ಇಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸುವ ರೋಗ ವರ್ಗೀಕರಣ ಅದರ ವಂಶದ್ದೇ. ಹತ್ತನೆಯ ಆವೃತ್ತಿಯಲ್ಲಿ ಟಿ51 ಎಂದರೆ ಮದ್ಯಸಾರದ ವಿಷಪರಿಣಾಮ, ಟಿ51.0 ಎಥನಾಲಿನದು, ಟಿ51.1 ಮೆಥನಾಲಿನದು. ಇದು ಆಕಸ್ಮಿಕವಾಗಿ ಆಗಿದ್ದರೆ ಎಕ್ಸ್45, ತಾನೇ ಬೇಕೆಂದು ಮಾಡಿಕೊಂಡಿದ್ದರೆ ಎಕ್ಸ್65, ಉದ್ದೇಶ ತಿಳಿಯದಿದ್ದರೆ ವೈ15. ರಕ್ತದಲ್ಲಿ ಮದ್ಯ ಎಷ್ಟಿತ್ತು ಎನ್ನುವುದಕ್ಕೆ ವೈ90. ಕುಡಿತದ ಚಟ ರೋಗವಾಗಿ ಬೇರೂರಿರುವುದು ಬೇರೆಯದೇ ಅಧ್ಯಾಯ: ಎಫ್10.2 ಎಂದರೆ ಅವಲಂಬನೆ, ಎಫ್10.0 ಎಂದರೆ ಆ ಹೊತ್ತಿನ ಅಮಲು, ಎಫ್10.4 ಎಂದರೆ ಕುಡಿತ ನಿಲ್ಲಿಸಿದಾಗ ಬರುವ ಸನ್ನಿ. ಓದುಗರು ಈ ಅಕ್ಷರ, ಅಂಕಿಗಳನ್ನು ನೆನಪಿಡಬೇಕಿಲ್ಲ. ಒಂದು ಸಂಗತಿ ಗಮನಿಸಿದರೆ ಸಾಕು. ಊರಿನ ಬಾಯಲ್ಲಿ "ಕುಡಿದು ಸತ್ತ" ಎಂಬ ಒಂದೇ ಮಾತಿರುವ ಕಡೆ ಈ ಪಟ್ಟಿ ಹತ್ತಾರು ಬೇರೆ ಬೇರೆ ಸಂಗತಿಗಳನ್ನು ಕಾಣುತ್ತದೆ. ಹಬ್ಬದ ದಿನ ಮೊದಲ ಬಾರಿಗೆ ಅಳತೆ ಮೀರಿ ಕುಡಿದ ಹುಡುಗ, ಇಪ್ಪತ್ತು ವರ್ಷದಿಂದ ಕುಡಿಯುತ್ತಾ ಬಂದ ಮುದುಕ, ಕುಡಿತ ಬಿಟ್ಟು ಮೂರನೆಯ ದಿನಕ್ಕೆ ನಡುಗಿ ಬಿದ್ದವನು, ಯಾರೋ ಬೆರೆಸಿದ ಮೆಥನಾಲು ಕುಡಿದವನು, ಬದುಕು ಸಾಕೆಂದು ಕುಡಿದವನು. ಇವರೆಲ್ಲರನ್ನೂ ಒಂದೇ ಮಾತಿನಲ್ಲಿ ಮುಗಿಸುವುದು ಆಡುವವರಿಗೆ ಸುಲಭ, ಸತ್ತವರಿಗೆ ಅನ್ಯಾಯ.

ಉದ್ದೇಶದ ಬಗ್ಗೆ ಈ ಪಟ್ಟಿಗಿರುವ ನಿಯಮ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಕೂತು ಯೋಚಿಸಬೇಕಾದಂಥದು. ಬೆಂಗಳೂರಿನ ಕಚೇರಿಗಳಲ್ಲಿ ಅಮೆರಿಕದ ಆಸ್ಪತ್ರೆಗಳ ಕೇಸ್ ಶೀಟುಗಳಿಗೆ ಸಂಕೇತ ಹಾಕುವ ನಮ್ಮ ಹುಡುಗ ಹುಡುಗಿಯರಿಗೆ ಇದು ಬಾಯಿಪಾಠ. ಅಲ್ಲಿನ ಆವೃತ್ತಿಯಲ್ಲಿ ಮದ್ಯವಿಷಕ್ಕೆ ನಾಲ್ಕು ಉದ್ದೇಶಗಳುಂಟು: ಆಕಸ್ಮಿಕ, ಆತ್ಮಹಾನಿ, ಬೇರೆಯವರ ದಾಳಿ, ತೀರ್ಮಾನಿಸಲಾಗದ್ದು. ಕೇಸ್ ಶೀಟಿನಲ್ಲಿ ಉದ್ದೇಶದ ಮಾತೇ ಇಲ್ಲದಿದ್ದರೆ ಆಕಸ್ಮಿಕವೆಂದೇ ಹಾಕಬೇಕು. ತೀರ್ಮಾನಿಸಲಾಗದ್ದು ಎಂದು ಹಾಕಬೇಕಾದರೆ, ಉದ್ದೇಶವನ್ನು ತಿಳಿಯಲು ಆಗಲಿಲ್ಲವೆಂದು ವೈದ್ಯರೇ ಬರೆದಿರಬೇಕು. ಎಂದರೆ, ಪುರಾವೆ ಇಲ್ಲದೆ ಯಾರ ಮೇಲೂ ಸಾಯುವ ಮನಸ್ಸನ್ನಾಗಲಿ ಕೊಲ್ಲುವ ಮನಸ್ಸನ್ನಾಗಲಿ ಹೊರಿಸಬಾರದು. ಜೊತೆಗೆ, ಕೇಳದೆ ಬಿಟ್ಟ ಅಜ್ಞಾನವೇ ಬೇರೆ, ಹುಡುಕಿ ಸೋತ ಅಜ್ಞಾನವೇ ಬೇರೆ. ಎರಡನೆಯದಕ್ಕೆ ಮಾತ್ರ ಪಟ್ಟಿಯಲ್ಲಿ ತನ್ನದೇ ಜಾಗವಿದೆ. ಇನ್ನೊಬ್ಬರ ಅಂತರಂಗದ ಬಗ್ಗೆ ನನಗೆ ತಿಳಿಯಲಿಲ್ಲ ಎಂದು ಸಹಿ ಹಾಕಿ ಒಪ್ಪಿಕೊಳ್ಳುವ ಅವಕಾಶ ಸರ್ಕಾರಿ, ಖಾಸಗಿ ಕಾಗದಗಳಲ್ಲಿ ಬಹಳ ಅಪರೂಪ. ಮನಸ್ಸಿನ ಒಳಗನ್ನು ಬಲ್ಲವನು ದೇವರೊಬ್ಬನೇ ಎಂದು ನಂಬುವವರು ಈ ಸಾಲನ್ನು ಮೆಚ್ಚಬೇಕು.

ಉದ್ದೇಶವನ್ನು ತೂಗುವ ವಿದ್ಯೆ ನಮಗೆ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ, ಭಾರತದ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ಪ್ರಮಾಣವಾಗಿತ್ತು. ಸ್ಮೃತಿಗಳು ಸುರಾಪಾನವನ್ನು ಬ್ರಹ್ಮಹತ್ಯೆಯ ಜೊತೆಗೇ ಮಹಾಪಾತಕಗಳ ಸಾಲಿನಲ್ಲಿ ಇಟ್ಟವು, ನಿಜ. ಆದರೆ ಯಾಜ್ಞವಲ್ಕ್ಯ ಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯ ಅರಿಯದೆ ಮಾಡಿದ್ದಕ್ಕೂ ಅರಿತು ಮಾಡಿದ್ದಕ್ಕೂ ಗೆರೆ ಎಳೆಯುತ್ತದೆ. ಅರಿಯದೆ ಮಾಡಿದ ಪಾಪ ಪ್ರಾಯಶ್ಚಿತ್ತದಿಂದ ಕಳೆಯುತ್ತದೆ. ಅರಿತು ಮಾಡಿದವನು ಪ್ರಾಯಶ್ಚಿತ್ತದಿಂದ ಜನರ ನಡುವಿನ ವ್ಯವಹಾರಕ್ಕೆ ಅರ್ಹನಾಗಬಹುದು, ಅಷ್ಟೇ. ಬೌದ್ಧರು ಇನ್ನೂ ಮುಂದೆ ಹೋಗಿ ಸಂಕಲ್ಪವೇ ಕರ್ಮ ಎಂದರು. ಆದರೂ ಐದನೆಯ ಶೀಲದಲ್ಲಿ ಅವರು ಮದ್ಯವನ್ನು ಬೇಡವೆಂದದ್ದು ಅದು ಮೈಮರೆವಿಗೆ ದಾರಿ ಎಂಬ ಕಾರಣಕ್ಕೆ, ಎಂದರೆ ಸಂಕಲ್ಪದ ನೆಲೆಯನ್ನೇ ಅದು ಅಲುಗಿಸುತ್ತದೆ ಎಂಬ ಕಾರಣಕ್ಕೆ. ಇಲ್ಲಿಂದ ಒಂದು ತೊಡಕು ಹುಟ್ಟುತ್ತದೆ. ಮೊದಲ ಲೋಟ ಎತ್ತಿದವನಿಗೆ ಸಂಕಲ್ಪವಿತ್ತು ಎನ್ನೋಣ. ಎಂಟನೆಯ ಲೋಟ ಎತ್ತಿದವನಿಗೆ ಇತ್ತೇ? ಪ್ರಾಣಕ್ಕೆ ಎರವಾದದ್ದು ಆ ಎಂಟನೆಯದು. ಅದನ್ನು ಎತ್ತುವ ಹೊತ್ತಿಗೆ ಬೇಕು ಬೇಡ ಎನ್ನುವ ವಿವೇಚನೆಯೇ ಕರಗಿಹೋಗಿತ್ತು. ಆಕಸ್ಮಿಕವೆಂಬ ಸಂಕೇತವನ್ನು ಕಂಡು, "ತಾನೇ ಕುಡಿದದ್ದು ಆಕಸ್ಮಿಕ ಹೇಗಾದೀತು?" ಎಂದು ಕೇಳುವವರಿಗೆ ಉತ್ತರ ಇದು: ಕುಡಿಯಬೇಕೆಂದು ಅವನು ಬಯಸಿದ್ದ, ಸಾಯಬೇಕೆಂದು ಬಯಸಿರಲಿಲ್ಲ. ಸಂಕೇತ ಹೇಳುವುದು ವಿಷವೇರಿದ್ದರ ಬಗ್ಗೆ, ಕುಡಿದದ್ದರ ಬಗ್ಗೆ ಅಲ್ಲ.

ಅಡ್ಡಿ ಎಲ್ಲಿದೆ ಎಂಬುದನ್ನು ಕಚ, ದೇವಯಾನಿಯರ ಕಥೆಯಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೆ ಇಲ್ಲ. ಮೃತಸಂಜೀವಿನಿ ಕಲಿಯಲು ಬಂದ ಕಚನನ್ನು ದಾನವರು ಕೊನೆಯ ಬಾರಿ ಕೊಂದಾಗ ಸುಟ್ಟು ಬೂದಿ ಮಾಡಿ ಸುರೆಯಲ್ಲಿ ಬೆರೆಸಿ ಗುರು ಶುಕ್ರಾಚಾರ್ಯರಿಗೇ ಕುಡಿಸಿದರು. ಶುಕ್ರರು ಅರಿಯದೆ ಕುಡಿದರು. ಶಿಷ್ಯ ಹೊಟ್ಟೆಯೊಳಗಿದ್ದಾನೆಂದು ತಿಳಿದ ಮೇಲೆ ಅವನಿಗೆ ಸಂಜೀವಿನಿ ಉಪದೇಶಿಸಿ, ಅವನು ಹೊಟ್ಟೆ ಸೀಳಿಕೊಂಡು ಹೊರಬಂದು, ಗುರುವನ್ನು ಬದುಕಿಸಿದ್ದು ಎಲ್ಲರೂ ಬಲ್ಲ ಕಥೆ. ಆಮೇಲೆ ಶುಕ್ರರು ಮಾಡಿದ್ದೇನೆಂಬುದು ನಮ್ಮ ಮಾತಿಗೆ ಮುಖ್ಯ. ಬೆರೆಸಿದ ದಾನವರನ್ನು ಮೂಢರೆಂದು ಜರೆದರು. ಪಾಪದ ಕಟ್ಟಳೆ ಹಾಕಿದ್ದು ಮಾತ್ರ ಕುಡಿಯುವವರ ಮೇಲೆ: ಇನ್ನು ಮುಂದೆ ಸುರೆ ಕುಡಿದ ಬ್ರಾಹ್ಮಣ ಮಹಾಪಾಪಿಯಾಗುತ್ತಾನೆ ಎಂದು. ಮೋಸದಿಂದ ಪಾನೀಯದಲ್ಲಿ ಏನನ್ನೋ ಬೆರೆಸಿದವರು ಮಾತಿನ ಪೆಟ್ಟಿನಲ್ಲಿ ಪಾರಾದರು, ಕುಡಿಯುವವರ ಮೇಲೆ ಯುಗಯುಗಾಂತರದ ಹೊರೆ ಬಿತ್ತು. ಮೋಸ ಹೋದ ವಿವೇಕಿ ತನ್ನ ಎಚ್ಚರಗೇಡಿತನಕ್ಕೆ ನಾಚಿ ಇಟ್ಟ ಕಟ್ಟಳೆ ಅದು ಎಂದು ಶುಕ್ರರ ಪರವಾಗಿ ಹೇಳಬಹುದು. ತನ್ನ ಮೇಲೆ ತಾನೇ ಹೊರಿಸಿಕೊಳ್ಳುವುದು ದೊಡ್ಡ ಗುಣವೇ. ಆದರೆ ಅದು ಕಟ್ಟಳೆಯಾಗಿ ಉಳಿದಾಗ ಬೆರೆಸಿದವರ ಪ್ರಶ್ನೆ ಮರೆತುಹೋಯಿತು. ಕಳ್ಳಭಟ್ಟಿ ದುರಂತ ನಡೆದಾಗಲೆಲ್ಲ ನಮ್ಮ ಊರುಗಳಲ್ಲಿ ಕೇಳುವ ಮೊದಲ ಮಾತು "ಯಾಕೆ ಕುಡೀಬೇಕಿತ್ತು?" ಎಂಬುದು. ಬೆರೆಸಿದವನ ಹೆಸರು ಆಮೇಲೆ, ಬಂದರೆ ಬಂತು.

ಕರ್ನಾಟಕ ಇದನ್ನು ಎರಡು ಸಲ ದೊಡ್ಡ ಪ್ರಮಾಣದಲ್ಲಿ ಕಂಡಿದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಸತ್ತವರ ಸಂಖ್ಯೆ 300 ದಾಟಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಹೊಸೂರು, ಕೃಷ್ಣಗಿರಿ ಭಾಗದಲ್ಲಿ 150ಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಇಂಥ ಕಡೆ ಕೊಲ್ಲುವುದು ಮೆಥನಾಲು. ಅದು ನೋಟದಲ್ಲೂ ವಾಸನೆಯಲ್ಲೂ ಕುಡಿಯುವ ಮದ್ಯಸಾರವನ್ನೇ ಹೋಲುತ್ತದೆ. ಯಕೃತ್ತು ಅದನ್ನು ಒಡೆದು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಕಣ್ಣಿನ ನರವನ್ನು ಸುಡುವುದೂ ರಕ್ತವನ್ನು ಆಮ್ಲವಾಗಿಸಿ ಪ್ರಾಣ ತೆಗೆಯುವುದೂ ಈ ಆಮ್ಲವೇ. ಈ ಕೆಲಸ ನಿಧಾನ. ಕುಡಿದು ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಮಂಜು ಕವಿದಂಥ ನೋಟ ಶುರುವಾಗುತ್ತದೆ. ಆ ನಡುವಿನ ಹೊತ್ತಿನಲ್ಲಿ ಅದೇ ಕ್ಯಾನಿನ ಮಾಲು ಕುಡಿದ ಇನ್ನೂ ಹತ್ತು ಜನ ತಮ್ಮ ಮನೆಗಳಲ್ಲಿ, ರಾತ್ರಿಯ ಅಮಲು ಇಳಿಯುತ್ತಿಲ್ಲ ಎಂದುಕೊಂಡು ಮಲಗಿರುತ್ತಾರೆ. ಅವರನ್ನು ಬದುಕಿಸಲು ಔಷಧವಿದೆ: ಫೊಮೆಪಿಜೋಲ್, ಅದಿಲ್ಲದಿದ್ದರೆ ವೈದ್ಯರ ಕೈಯಳತೆಯಲ್ಲಿ ಎಥನಾಲೇ, ಜೊತೆಗೆ ಡಯಾಲಿಸಿಸ್. ಆದರೆ ಹೊತ್ತು ಮೀರಬಾರದು.

ಅಂತರಸನಹಳ್ಳಿಯ ಆ ಊಹೆಯ ಹಮಾಲಿ ಬದುಕಲಿಲ್ಲ ಎಂದುಕೊಂಡು ಈಗ ಅವನ ಹಾಳೆಗೆ ಮರಳಿದರೆ ಸತ್ಯ ಮತ್ತು ದಯೆ ಎಲ್ಲಿ ಕೂಡುತ್ತವೆಂಬುದು ಕಾಣುತ್ತದೆ. ಮನೆಯವರ ಮರ್ಯಾದೆ ಉಳಿಸಲೆಂದು ಆ ವೈದ್ಯರು ಹೃದಯಾಘಾತ ಎಂದು ಬರೆದರೆ, ಅವನೊಬ್ಬನ ಹೆಸರು ಉಳಿಯುತ್ತದೆ. ಮೆಥನಾಲಾಗಿದ್ದರೆ, ಅವನ ಜೊತೆ ಕುಡಿದವರು ಸಾಯುತ್ತಾರೆ. ಮೂರನೆಯ ಸಾಲಿನಲ್ಲಿ ಮದ್ಯವಿಷದ ಶಂಕೆ ಎಂದು ಬರೆದು, ಪೊಲೀಸರಿಗೂ ಆರೋಗ್ಯಾಧಿಕಾರಿಗೂ ತಿಳಿಸಿದರೆ, ಆ ಸಂಜೆಯೇ ಬೀದಿಯಲ್ಲಿ ಆಟೋ ಮೈಕಿನಲ್ಲಿ ಕೂಗಿಸಬಹುದು. ಮೊದಲ ಸಾವಿನ ಹಾಳೆ ಸತ್ತವನಿಗಾಗಿ ಬರೆಯುವುದಲ್ಲ, ಇನ್ನೂ ಸಾಯದವರಿಗಾಗಿ ಬರೆಯುವುದು. ಎಥನಾಲೇ ಆಗಿದ್ದರೂ ಇದು ಸುಳ್ಳಾಗುವುದಿಲ್ಲ. ಕುಡಿದು ಬಿದ್ದವನನ್ನು ನೆರಳಿಗೆ ಎಳೆದು ಮಲಗಿಸಿ "ಇಳಿದ ಮೇಲೆ ಏಳ್ತಾನೆ" ಎಂದು ಬಿಟ್ಟುಹೋಗುವುದು ನಮ್ಮಲ್ಲಿ ಎಲ್ಲ ಕಡೆ ಇದೆ. ಕೊನೆಯ ಗುಟುಕಿನ ನಂತರವೂ ರಕ್ತದಲ್ಲಿ ಮದ್ಯ ಏರುತ್ತಲೇ ಇರುತ್ತದೆ, ಅಂಗಾತ ಮಲಗಿದವನಿಗೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ ಎಂಬುದು ಜನಕ್ಕೆ ತಿಳಿಯಬೇಕಾದರೆ ಹೀಗೆ ಸತ್ತವರು ಇಷ್ಟು ಜನ ಎಂಬ ಲೆಕ್ಕ ಮೊದಲು ಇರಬೇಕು. ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಅಷ್ಟರಲ್ಲೂ ನಾಚಿಕೆಗೆ ಬರೆಯದೆ ಬಿಟ್ಟದ್ದು ಸೇರಿದರೆ ಉಳಿಯುವ ಲೆಕ್ಕ ಏನು?

ಈ ಸಂಕೇತಪಟ್ಟಿಗೂ ಒಂದು ಕುರುಡು ಇದೆ, ಅದನ್ನು ಹೇಳದೆ ಮುಂದೆ ಹೋದರೆ ನನ್ನ ವಾದ ಅರೆಯಾದೀತು. ಮೆಥನಾಲು ಬೆರೆಸಿದ ಹೆಂಡ ಕುಡಿದು ಸತ್ತವನಿಗೂ ಸಾಮಾನ್ಯವಾಗಿ ಆಕಸ್ಮಿಕವೆಂಬ ಸಂಕೇತವೇ ಬೀಳುತ್ತದೆ. ಸತ್ತವನ ಕಡೆಯಿಂದ ನೋಡಿದರೆ ಅದು ಸರಿ. ಮಾರಿದವನ ಕಡೆಯಿಂದ ನೋಡಿದರೆ ಅಲ್ಲಿ ಆಕಸ್ಮಿಕ ಯಾವುದೂ ಇಲ್ಲ. ಕೈಗಾರಿಕೆಗೆಂದು ಇರುವ ದ್ರಾವಣ ಕ್ಯಾನಿನೊಳಗೆ ತಾನಾಗಿ ಹೋಗುವುದಿಲ್ಲ. ಕೊಲ್ಲಬೇಕೆಂಬ ಉದ್ದೇಶ ನನಗಿರಲಿಲ್ಲ, ಲಾಭ ಬೇಕಿತ್ತು ಅಷ್ಟೇ ಎಂದು ಅವನು ಹೇಳಬಹುದು. ಜೈನರ ಉತ್ತರ ಇಲ್ಲಿ ನನಗೆ ಅತ್ಯಂತ ಬಲವಾದದ್ದು ಎನಿಸುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ನಿರೂಪಿಸುವಾಗ ಕೊಲ್ಲುವ ಬಯಕೆಯನ್ನು ಮುಖ್ಯ ಮಾಡುವುದಿಲ್ಲ, ಪ್ರಮಾದವನ್ನು ಮಾಡುತ್ತದೆ: ರಾಗ ಲೋಭಗಳಿಗೆ ಸಿಕ್ಕ ಎಚ್ಚರಗೇಡಿ ನಡೆಯಿಂದ ಪ್ರಾಣ ಹೋದರೆ ಅದು ಹಿಂಸೆ. ಎಚ್ಚರದಿಂದ ಕಾಲಿಟ್ಟರೂ ಅಡಿಯಲ್ಲಿ ಹುಳ ಸಿಕ್ಕಿದ ಮುನಿಗೆ ಈ ದೋಷವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ ಹುಳ ಸಾಯದಿದ್ದರೂ ಇದೆ. ಈ ಅಳತೆಯಲ್ಲಿ ಬೆರೆಸಿದವನೂ ಕಣ್ಣುಮುಚ್ಚಿಕೊಂಡ ಅಧಿಕಾರಿಯೂ ಪಾರಾಗುವುದಿಲ್ಲ. ಆದರೆ ಈ ತೀರ್ಪನ್ನು ಕೊಡಬೇಕಾದದ್ದು ನ್ಯಾಯಾಲಯ, ಕೇಸ್ ಶೀಟು ಅಲ್ಲ. ಕೇಸ್ ಶೀಟು ಎಥನಾಲೋ ಮೆಥನಾಲೋ ಎಂಬುದನ್ನು ಖಚಿತವಾಗಿ ದಾಖಲಿಸಿದರೆ ಮಾತ್ರ ನ್ಯಾಯಾಲಯದ ಮುಂದೆ ಮೊಕದ್ದಮೆ ನಿಲ್ಲುತ್ತದೆ. ಟಿ51.0 ಮತ್ತು ಟಿ51.1ರ ನಡುವಿನ ಒಂದೇ ಅಂಕಿಯ ಅಂತರ ಕುಡಿದವನಿಂದ ಬೆರೆಸಿದವನತ್ತ ನೋಟ ತಿರುಗಿಸುವ ಅಂತರ. ಶುಕ್ರರ ಕಟ್ಟಳೆಯಲ್ಲಿ ತಪ್ಪಿಹೋದದ್ದು ಇದೇ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಮಹಾಭಾರತದ್ದೇ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ತೊಟ್ಟ ಆತ, ಓಡಿ ಅಡಗಿದ ಜನರ ದಾರಿಯನ್ನು ಕಳ್ಳರಿಗೆ ತೋರಿಸಿಬಿಟ್ಟ. ಅವರು ಸತ್ತರು, ಕೌಶಿಕ ನರಕಕ್ಕೆ ಹೋದ. ಕೇಳುವವನು ಯಾರು, ಯಾತಕ್ಕೆ ಕೇಳುತ್ತಾನೆ ಎಂದು ನೋಡದೆ ಸತ್ಯ ಹೇಳುವುದು ಧರ್ಮವಲ್ಲ ಎಂಬುದು ಕಥೆಯ ಹುರುಳು. ಮದ್ಯ ಎಂದು ಬರೆದರೆ ಆ ಹಾಳೆಯನ್ನು ಮುಂದೆ ಓದುವವರು ಯಾರು? ವಿಮಾ ಕಂಪನಿ. ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಹನ್ನೆರಡನೆಯದು ಕುಡಿತದ ಚಟದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು. ಆಸ್ಪತ್ರೆಯ ಬಿಲ್ಲು ಕಟ್ಟಲಾಗದ ಮನೆಗೆ ಆ ಒಂದು ಸಾಲು ಕೌಶಿಕ ತೋರಿಸಿದ ದಾರಿಯೇ ಆದೀತಲ್ಲವೇ? ಹೀಗೆ ಹೇಳುವ ವೈದ್ಯರನ್ನು ಸುಳ್ಳುಗಾರರೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಅವರ ಮುಂದೆ ನಿಂತಿರುವುದು ಒಬ್ಬ ವಿಧವೆ, ಸಿದ್ಧಾಂತವಲ್ಲ.

ಆದರೂ ಈ ಹೋಲಿಕೆ ಎರಡು ಕಡೆ ಸೋಲುತ್ತದೆ. ಕೌಶಿಕನ ಮಾತನ್ನು ಕೇಳಿದ್ದು ಕಳ್ಳರು ಮಾತ್ರ. ಈ ಹಾಳೆಯನ್ನು ಕೇಳುವವರಲ್ಲಿ ಅದೇ ಕ್ಯಾನಿನಿಂದ ಕುಡಿದವರೂ ನಾಳೆ ಇಲ್ಲಿ ಡಯಾಲಿಸಿಸ್ ಯಂತ್ರ ಎಷ್ಟು ಬೇಕೆಂದು ಲೆಕ್ಕ ಹಾಕುವವರೂ ಇದ್ದಾರೆ. ಕಳ್ಳರಿಗೆ ಹೆದರಿ ಇವರಿಗೂ ಬಾಯಿ ಮುಚ್ಚಿದರೆ ಅಲ್ಲೂ ಪ್ರಾಣ ಹೋಗುತ್ತದೆ. ಇನ್ನೊಂದು, ಮನೆಯವರಿಗೆ ಹೆಚ್ಚು ಪೆಟ್ಟು ಕೊಡುವುದು ಸತ್ಯವಲ್ಲ, ಅರೆಸತ್ಯ. ಕೇಸ್ ಶೀಟಿನ ಮೂಲೆಯಲ್ಲಿ ಯಾರೋ ಗೀಚಿದ "ಕುಡುಕ" ಎಂಬ ಅರ್ಥದ ಒಂದು ಪದ ಅವಲಂಬನೆಯ ರೋಗವನ್ನು ಸೂಚಿಸುತ್ತದೆ, ಹೊರಗಿಡುವಿಕೆಗೆ ನೇರವಾಗಿ ಬಾಗಿಲು ತೆರೆಯುತ್ತದೆ. ಒಂದು ರಾತ್ರಿಯ ಆಕಸ್ಮಿಕ ವಿಷವೇರಿಕೆ, ಚಟದ ಇತಿಹಾಸವಿಲ್ಲ, ಅಥವಾ ಮೆಥನಾಲು ಬೆರೆತದ್ದು ಎಂದು ಬಿಡಿಸಿ ಬರೆದರೆ ವಾದಿಸಲು ಮನೆಯವರಿಗೆ ಆಧಾರವಿರುತ್ತದೆ. ಚಟವೇ ಇದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯದ ದುರ್ಬಳಕೆಗೆ ಸೇರಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಾಸ್ಥ್ಯದಲ್ಲಿ ಎಣಿಸುತ್ತದೆ, ಮಾನಸಿಕ ಅಸ್ವಾಸ್ಥ್ಯಕ್ಕೆ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆನ್ನುತ್ತದೆ. ಇವೆರಡರ ನಡುವಿನ ಜಗಳ ಬಗೆಹರಿಯಬೇಕಾದದ್ದು ವಿಮೆಯ ನಿಯಮದಲ್ಲಿ. ಕೆಟ್ಟ ನಿಯಮವನ್ನು ಸುಳ್ಳು ಹಾಳೆಗಳಿಂದ ತಪ್ಪಿಸಿಕೊಳ್ಳುತ್ತಾ ಹೋದರೆ ಆ ನಿಯಮ ಎಷ್ಟು ಮನೆ ಮುರಿದಿದೆ ಎಂಬುದಕ್ಕೂ ಪುರಾವೆ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಧಾರ್ಮಿಕರದು. ತಪ್ಪಿತಸ್ಥ ಭಾವನೆಯನ್ನು ತೆಗೆದುಹಾಕಿ ಎಲ್ಲವನ್ನೂ ರೋಗವೆಂದರೆ ಕುಡಿತ ಬಿಡುವ ಛಲ ಎಲ್ಲಿಂದ ಬರಬೇಕು? ದೇವರ ಮುಂದೆ ಆಣೆಯಿಟ್ಟು, ಮಾಲೆ ಹಾಕಿ, ಹರಕೆ ಹೊತ್ತು ಕುಡಿತ ಬಿಟ್ಟವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಮನೆ ಸೇರಿದವರೂ ಇದ್ದಾರೆ. ಆ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಶ್ಚಾತ್ತಾಪ ತನ್ನ ಬಗ್ಗೆ ತಾನು ಪಡುವಂಥದು. ಒಬ್ಬನ ಪ್ರಾಯಶ್ಚಿತ್ತವನ್ನು ಇನ್ನೊಬ್ಬ ಅವನ ಕೇಸ್ ಶೀಟಿನಲ್ಲಿ ಬರೆದು ಮುಗಿಸಲು ಬರುವುದಿಲ್ಲ, ಎಚ್ಚರ ತಪ್ಪಿದವನ ಪರವಾಗಿ ಯಾರೂ ಆಣೆ ಇಡಲೂ ಆಗುವುದಿಲ್ಲ. ಆಣೆಯ ವಿಷಯದಲ್ಲೇ ದಾಖಲೆ ಎಷ್ಟು ಮುಖ್ಯವೆಂಬುದೂ ಕಾಣುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸು, ಇಲ್ಲದ್ದು ಕಾಣುವುದು, ಜ್ವರ, ಬಡಬಡಿಕೆ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಮನೆಯವರು ಅದನ್ನು ದೈವದ ಮುನಿಸೆಂದೋ ಗಾಳಿ ಸೋಕಿದ್ದೆಂದೋ ವ್ರತದಲ್ಲಿ ಲೋಪವಾಯಿತೆಂದೋ ತಿಳಿಯುತ್ತಾರೆ. ಎಫ್10.4 ಎಂಬ ಸಂಕೇತ ಅದು ಮುನಿಸಲ್ಲ, ಮಿದುಳು ಮದ್ಯವಿಲ್ಲದೆ ಹೊಂದಿಕೊಳ್ಳಲು ಹೆಣಗುತ್ತಿರುವುದು ಎನ್ನುತ್ತದೆ. ಮಾಲೆ ಹಾಕುವ ಮುನ್ನ ತಾಲೂಕು ಆಸ್ಪತ್ರೆಗೋ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರದಂಥ ಕಡೆಗೋ ಹೋಗಿ ಬನ್ನಿ ಎಂದು ಗುರುಸ್ವಾಮಿಗಳು ಹೇಳಬೇಕಾದರೆ, ಹೀಗೆ ಸತ್ತವರ ಕಾರಣ ಎಲ್ಲಾದರೂ ನೆಟ್ಟಗೆ ಬರೆದಿರಬೇಕು. ಹರಕೆ ಹೊತ್ತವನನ್ನು ದೇವರು ಕೈಬಿಟ್ಟನೆಂಬ ಅಪವಾದದಿಂದ ದೇವರನ್ನೂ ಅವನನ್ನೂ ಪಾರುಮಾಡುವುದು ಆ ಸಂಕೇತ.

ಬಡವರ ಬೀದಿಗಳಿಗೆ ಕುಡುಕರೆಂಬ ಹಣೆಪಟ್ಟಿ ಅಂಟಿಸಲು ಈ ಲೆಕ್ಕಗಳನ್ನು ಬಳಸುತ್ತಾರೆ ಎಂಬ ಭಯವೂ ನಿಜವಾದದ್ದೇ. ಲೆಕ್ಕವಿಲ್ಲದಿದ್ದರೂ ಆ ಹಣೆಪಟ್ಟಿ ಅಂಟಿಯೇ ಇದೆ. ಇಲ್ಲದಿರುವುದು ಆ ಬೀದಿಗಳಿಗೆ ಸಲ್ಲಬೇಕಾದ ಚಿಕಿತ್ಸೆ ಮಾತ್ರ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವುದು ಅವನ ಕಸುಬು, ಅದು ಹೆಸರಿನಲ್ಲೇ ಉಳಿಯಿತು. ಹೆಂಡದ ಪರಿಭಾಷೆಯಲ್ಲೇ ಅವನು ವಚನಗಳನ್ನೂ ರಚಿಸಿದ. ಶರಣರು ಅವನ ಕಸುಬನ್ನು ಮರೆಮಾಚಿ ಒಳಗೆ ಕರೆದುಕೊಳ್ಳಲಿಲ್ಲ, ಕಸುಬಿನ ಕಾರಣಕ್ಕೆ ಹೊರಗೂ ಇಡಲಿಲ್ಲ. ಸಂಗತಿಯನ್ನು ಸಂಗತಿಯಾಗಿ ಹೇಳಿ, ಮನುಷ್ಯನನ್ನು ಮನುಷ್ಯನಾಗಿ ಕಾಣಲು ಸಾಧ್ಯವೆಂಬುದಕ್ಕೆ ಕನ್ನಡದಲ್ಲೇ ಇರುವ ಸಾಕ್ಷಿ ಅದು. ಆತ್ಮಹತ್ಯೆಯ ವಿಷಯದಲ್ಲಂತೂ ಕಾನೂನೇ ಈಗ ಆ ಕಡೆ ವಾಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಬೇಕೆಂದೇ ಕುಡಿದು ಬಿದ್ದವನೆಂದು ವೈದ್ಯರು ಬರೆದರೆ ಅವನಿಗೆ ಸಿಗಬೇಕಾದದ್ದು ಮನೋವೈದ್ಯರ ಭೇಟಿ. ಬರೆಯದೆ ಬಿಟ್ಟರೆ ಅವನು ಅದೇ ಮನಸ್ಸನ್ನು ಹೊತ್ತು ಮನೆಗೆ ಹೋಗುತ್ತಾನೆ.

ಓದುಗರಲ್ಲಿ ಒಂದು ಕೋರಿಕೆ. 2023ರ ತಿದ್ದುಪಡಿಯ ನಂತರ, ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಉಚಿತವಾಗಿ ಕೊಡಬೇಕೆಂಬುದು ಕಾನೂನು. ಆ ದುಃಖದಲ್ಲಿ ಅದನ್ನು ಓದುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೂ ಮನೆಯಲ್ಲಿ ಯಾರಾದರೊಬ್ಬರು ಓದಿ. ಮೂರನೆಯ ಸಾಲು ಖಾಲಿ ಇದ್ದರೆ, ಅಥವಾ ಹೃದಯ ನಿಂತಿತು ಎಂದಷ್ಟೇ ಇದ್ದರೆ, ಇದಕ್ಕೆ ಮೂಲ ಯಾವುದು ಡಾಕ್ಟರೇ ಎಂದು ಕೇಳಿ. ಅವರು ಮದ್ಯ ಎಂದರೆ, ಯಾವ ಮದ್ಯ, ಎಷ್ಟು ಹೊತ್ತಿನ ಹಿಂದೆ, ಜೊತೆಗೆ ಕುಡಿದವರು ಯಾರೆಂಬುದನ್ನು ನಿಮಗೆ ಗೊತ್ತಿದ್ದಷ್ಟು ಹೇಳಿ.